ಹೆಸರಿಗಾಗಿ ಜಗಳ, ಲೆಕ್ಕಕ್ಕೆ ಮೌನ: ಆಸ್ಪತ್ರೆಯೊಳಗಿನ ಸೋಂಕು ನಮಗೆ ಕಾಣುವುದು ಯಾವಾಗ?

ಬೆಂಗಳೂರು: ಅಮೆರಿಕದ ನೆವಾಡ ರಾಜ್ಯದ ರೆನೊ ನಗರದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಆಸ್ಪತ್ರೆಯಲ್ಲಿ ಮೃತಪಟ್ಟರು. ಅವರ ಸೊಂಟದ ಗಾಯದಲ್ಲಿದ್ದುದು ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಎಂಬ, ವೈದ್ಯರಿಗೆ ತೀರ ಪರಿಚಿತವಾದ ಬ್ಯಾಕ್ಟೀರಿಯಾ. ಅಪರಿಚಿತವಾದುದು ಅದರ ಶಕ್ತಿ. ಆ ದೇಶದಲ್ಲಿ ಲಭ್ಯವಿದ್ದ 26 ಆ್ಯಂಟಿಬಯಾಟಿಕ್‌ಗಳ ಪೈಕಿ ಒಂದಕ್ಕೂ ಅದು ಮಣಿಯಲಿಲ್ಲ. ಫಾಸ್ಫೊಮೈಸಿನ್ ಎಂಬ ಒಂದು ಔಷಧ ಬಹುಶಃ ನಾಟಬಹುದಿತ್ತೆಂದು ಬಳಿಕದ ಪರೀಕ್ಷೆ ಸೂಚಿಸಿತಾದರೂ, ರಕ್ತನಾಳದ ಮೂಲಕ ನೀಡುವ ಅದರ ರೂಪಕ್ಕೆ ಅಲ್ಲಿ ಅನುಮತಿಯೇ ಇರಲಿಲ್ಲ. ಅದಕ್ಕೂ ಹಿಂದಿನ ಎರಡು ವರ್ಷಗಳಲ್ಲಿ ತೊಡೆಯ ಮೂಳೆ ಮುರಿತ ಮತ್ತು ಅದರ ಬೆನ್ನಿಗೇ ಬಂದ ಸೋಂಕಿಗಾಗಿ ಆಕೆ ಭಾರತದಲ್ಲಿ ಹಲವು ಬಾರಿ ಆಸ್ಪತ್ರೆಗೆ ದಾಖಲಾಗಿದ್ದರು. 2017ರ ಜನವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಈ ಪ್ರಕರಣದ ವರದಿಯನ್ನು ಪ್ರಕಟಿಸಿದಾಗ ಬ್ಯಾಕ್ಟೀರಿಯಾದ ಬೆನ್ನಿಗಿದ್ದ ಕಿಣ್ವದ ಹೆಸರೂ ಹೊರಬಂತು: ನ್ಯೂಡೆಲ್ಲಿ ಮೆಟಾಲೊ-ಬೀಟಾ-ಲ್ಯಾಕ್ಟಮೇಸ್. ಸಂಕ್ಷೇಪದಲ್ಲಿ ಎನ್‌ಡಿಎಂ.

ರಾಜಧಾನಿಯ ಹೆಸರನ್ನು ಹೊತ್ತ ಈ ವಂಶವಾಹಿ ಪತ್ತೆಯಾಗಿ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಸಂದಿದೆ. ಈ ಅವಧಿಯಲ್ಲಿ ದೇಶ ಎರಡು ಕ್ರಿಯಾ ಯೋಜನೆಗಳನ್ನು ಕಂಡಿದೆ. ಎರಡನೆಯದು 2025ರ ನವೆಂಬರ್ 18ರಂದು ಬಿಡುಗಡೆಯಾಯಿತು. ಅದೇ ಡಿಸೆಂಬರ್ ಕೊನೆಯಲ್ಲಿ ಪ್ರಧಾನಿಯವರೇ ತಮ್ಮ ‘ಮನ್ ಕಿ ಬಾತ್’ ಭಾಷಣದಲ್ಲಿ ಆ್ಯಂಟಿಬಯಾಟಿಕ್‌ಗಳನ್ನು ಮನಬಂದಂತೆ ನುಂಗಬೇಡಿ ಎಂದು ಜನರಿಗೆ ಹೇಳಿದರು. ಮಾತು ಸರಿಯಾದದ್ದೇ. ಆದರೆ ನುಂಗುವವನ ತಪ್ಪು ಈ ಕಥೆಯ ಅರ್ಧ ಮಾತ್ರ. ಉಳಿದರ್ಧ ಆಸ್ಪತ್ರೆಯ ತೀವ್ರ ನಿಗಾ ಘಟಕದೊಳಗಿದೆ. ಅಲ್ಲಿ ರೋಗಿ ಪ್ರಜ್ಞೆಯಲ್ಲೇ ಇರುವುದಿಲ್ಲ, ಯಾವ ಮಾತ್ರೆಯನ್ನೂ ತಾನಾಗಿ ನುಂಗುವುದಿಲ್ಲ.

ಸ್ವೀಡನ್‌ನಲ್ಲಿ ಸಿಕ್ಕ ಸುಳಿವು

ಭಾರತೀಯ ಮೂಲದ 59 ವರ್ಷದ ಸ್ವೀಡನ್ ನಿವಾಸಿಯೊಬ್ಬರು 2007ರ ಕೊನೆಯಲ್ಲಿ ದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು 2008ರ ಜನವರಿಯಲ್ಲಿ ಮರಳಿ ಹೋಗಿದ್ದರು. ಅಲ್ಲಿ ಅವರ ಮೂತ್ರದಲ್ಲಿ ದೊರೆತ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಕಾರ್ಬಾಪೆನೆಮ್ ಗುಂಪಿನ ಔಷಧಕ್ಕೆ ಜಗ್ಗಲಿಲ್ಲ. ಬೇರೆಲ್ಲ ಔಷಧಗಳೂ ಸೋತಾಗ ವೈದ್ಯರು ಕೈಗೆತ್ತಿಕೊಳ್ಳುವ ಗುಂಪದು. ಇನ್ನೂ ಕುತೂಹಲದ ಸಂಗತಿಯೆಂದರೆ ಅದೇ ರೋಗಿಯ ಮಲದಲ್ಲಿದ್ದ ಇ.ಕೊಲೈ ಎಂಬ ಬೇರೆಯೇ ಜಾತಿಯ ಬ್ಯಾಕ್ಟೀರಿಯಾದಲ್ಲಿಯೂ ಅದೇ ವಂಶವಾಹಿ ಇತ್ತು. ಅಂದರೆ ಒಂದು ಜಾತಿ ಇನ್ನೊಂದಕ್ಕೆ ಅದನ್ನು ದಾಟಿಸಿತ್ತು, ಬಹುಶಃ ಆ ಮನುಷ್ಯನ ಕರುಳಿನಲ್ಲಿಯೇ. 2009ರ ಡಿಸೆಂಬರ್‌ನಲ್ಲಿ ಪ್ರಕಟವಾದ ಸಂಶೋಧನಾ ಪ್ರಬಂಧ ಈ ಹೊಸ ಕಿಣ್ವಕ್ಕೆ ನ್ಯೂಡೆಲ್ಲಿಯ ಹೆಸರಿಟ್ಟಿತು.

ಇದರ ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಅಪಾಯ ಅಡಗಿರುವುದು ಅಲ್ಲಿಯೇ. ಪೆನಿಸಿಲಿನ್‌ನಿಂದ ಹಿಡಿದು ಸೆಫಲೊಸ್ಪೊರಿನ್, ಕಾರ್ಬಾಪೆನೆಮ್‌ಗಳವರೆಗೆ ನಾವು ಅತಿ ಹೆಚ್ಚು ನಂಬಿರುವ ಔಷಧಗಳೆಲ್ಲವುಗಳ ನಡುವೆ ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರವಿದೆ. ಅದೇ ಬೀಟಾ-ಲ್ಯಾಕ್ಟಮ್. ಬ್ಯಾಕ್ಟೀರಿಯಾ ತನ್ನ ಹೊರಗೋಡೆಯನ್ನು ಕಟ್ಟಿಕೊಳ್ಳಲು ಬಳಸುವ ಕಿಣ್ವಕ್ಕೆ ಈ ಉಂಗುರ ಹೋಗಿ ಅಂಟಿಕೊಳ್ಳುತ್ತದೆ. ಗೋಡೆ ಕಟ್ಟಲಾಗದ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಎನ್‌ಡಿಎಂ ಕಿಣ್ವ ತನ್ನಲ್ಲಿರುವ ಎರಡು ಸತುವಿನ ಅಯಾನುಗಳ ನೆರವಿನಿಂದ ನೀರಿನ ಅಣುವನ್ನು ಬಳಸಿ ಆ ಉಂಗುರವನ್ನೇ ಬಿಡಿಸಿಹಾಕುತ್ತದೆ. ಉಂಗುರ ತೆರೆದ ಔಷಧ ಹಲ್ಲು ಕಿತ್ತ ಹಾವು.

ಇದನ್ನು ತಯಾರಿಸುವ ವಂಶವಾಹಿ ಬ್ಯಾಕ್ಟೀರಿಯಾದ ಮೂಲ ವರ್ಣತಂತುವಿನಲ್ಲಿ ಭದ್ರವಾಗಿ ಕುಳಿತಿದ್ದರೆ ಅದು ತಾಯಿಯಿಂದ ಮಗಳಿಗೆ ಮಾತ್ರ ಹೋಗುತ್ತಿತ್ತು. ಆದರೆ ಬಹುತೇಕ ಸಂದರ್ಭಗಳಲ್ಲಿ ಅದು ಇರುವುದು ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್‌ಎ ಸುರುಳಿಯಲ್ಲಿ. ಪಕ್ಕದ ಬ್ಯಾಕ್ಟೀರಿಯಾದೊಡನೆ ಒಂದು ಸಂಪರ್ಕ ಏರ್ಪಟ್ಟರೆ ಸಾಕು, ಸುರುಳಿಯ ಪ್ರತಿ ಅತ್ತ ದಾಟುತ್ತದೆ, ಜಾತಿಭೇದವಿಲ್ಲ. ಜೊತೆಗೆ ಅದೇ ಸುರುಳಿಯ ಮೇಲೆ ಬೇರೆ ಔಷಧ ಗುಂಪುಗಳನ್ನು ನಿಷ್ಫಲಗೊಳಿಸುವ ವಂಶವಾಹಿಗಳೂ ಸಾಲಾಗಿ ಪೋಣಿಸಿಕೊಂಡಿರುತ್ತವೆ. ಹೀಗಾಗಿ ಯಾವುದೋ ಸಾಮಾನ್ಯ ಔಷಧವನ್ನು ಅನಗತ್ಯವಾಗಿ ಬಳಸಿದರೂ ಉಳಿದು ಬೆಳೆಯುವುದು ಇಡೀ ಸರಮಾಲೆಯನ್ನು ಹೊತ್ತ ಬ್ಯಾಕ್ಟೀರಿಯಾವೇ. ಕೊನೆಯ ಅಸ್ತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇವೆ ಎಂಬ ಸಮಾಧಾನಕ್ಕೆ ಇಲ್ಲಿ ಅರ್ಥವಿಲ್ಲ.

ಅವಮಾನದ ರಾಜಕಾರಣ

2010ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಬಂದ ಲೇಖನ ದೆಹಲಿಯನ್ನು ಕೆರಳಿಸಿತು. ಮದ್ರಾಸ್ ವಿಶ್ವವಿದ್ಯಾಲಯದ ಕಾರ್ತಿಕೇಯನ್ ಕುಮಾರಸಾಮಿ ಮೊದಲ ಲೇಖಕರಾಗಿದ್ದ, ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಟಿಮೊತಿ ವಾಲ್ಶ್ ಜೊತೆಗಿದ್ದ ಆ ತಂಡ, ಚೆನ್ನೈನಲ್ಲಿ 44, ಹರಿಯಾಣದಲ್ಲಿ 26, ಬ್ರಿಟನ್ನಿನಲ್ಲಿ 37 ಹಾಗೂ ಭಾರತ, ಪಾಕಿಸ್ತಾನಗಳ ಇತರೆಡೆಗಳಲ್ಲಿ 73 ಮಾದರಿಗಳಲ್ಲಿ ಎನ್‌ಡಿಎಂ-1 ಇರುವುದನ್ನು ವರದಿ ಮಾಡಿತ್ತು. ಬ್ರಿಟನ್ನಿನ 29 ರೋಗಿಗಳ ಪೈಕಿ 17 ಮಂದಿ ಹಿಂದಿನ ಒಂದು ವರ್ಷದಲ್ಲಿ ಭಾರತಕ್ಕೋ ಪಾಕಿಸ್ತಾನಕ್ಕೋ ಬಂದು ಹೋಗಿದ್ದರು. ಶಸ್ತ್ರಚಿಕಿತ್ಸೆಗೆಂದು ಭಾರತಕ್ಕೆ ಹೋಗುವವರು ಎಚ್ಚರದಿಂದಿರಬೇಕು ಎಂಬ ಧ್ವನಿ ಲೇಖನದಲ್ಲಿತ್ತು. ವೈದ್ಯಕೀಯ ಪ್ರವಾಸೋದ್ಯಮ ಆಗ ದೇಶದ ದೊಡ್ಡ ಖಾಸಗಿ ಆಸ್ಪತ್ರೆಗಳ ಚಿನ್ನದ ಮೊಟ್ಟೆಯಾಗಿತ್ತು. ಇದು ಪಿತೂರಿ ಎಂದರು ಸಂಸದರು. ಹೆಸರು ಅನ್ಯಾಯದ್ದು ಎಂದಿತು ಕೇಂದ್ರ ಆರೋಗ್ಯ ಸಚಿವಾಲಯ. ಮೊದಲ ಲೇಖಕರೇ ಲೇಖನದ ಕೆಲವು ವ್ಯಾಖ್ಯಾನಗಳಿಂದ ದೂರ ಸರಿದರು. 2011ರ ಜನವರಿಯಲ್ಲಿ ದೆಹಲಿಗೆ ಬಂದಿದ್ದ ಲ್ಯಾನ್ಸೆಟ್ ಸಂಪಾದಕ ರಿಚರ್ಡ್ ಹಾರ್ಟನ್ ಹೆಸರಿನ ಬಗ್ಗೆ ಕ್ಷಮೆಯನ್ನೂ ಕೋರಿದರು.

ಊರಿನ ಹೆಸರಿಡುವುದು ನ್ಯಾಯವೋ ಅಲ್ಲವೋ ಎಂಬುದು ಚರ್ಚಾರ್ಹ ಪ್ರಶ್ನೆಯೇ. ಆದರೆ ಭಾರತವನ್ನಷ್ಟೇ ಗುರಿಯಾಗಿಸಿ ಇಟ್ಟ ಹೆಸರು ಅದು ಎಂಬ ವಾದ ನಿಲ್ಲುವುದಿಲ್ಲ. ಇದೇ ಕುಟುಂಬದ ಕಿಣ್ವಗಳಲ್ಲಿ ‘ವಿಐಎಂ’ ಇಟಲಿಯ ವೆರೊನಾದ ಹೆಸರು ಹೊತ್ತಿದೆ, ‘ಎಸ್‌ಪಿಎಂ’ ಬ್ರೆಜಿಲ್‌ನ ಸಾವೊ ಪೌಲೊದ್ದು, ‘ಎಸ್‌ಐಎಂ’ ಸೋಲ್ ನಗರದ್ದು, ‘ಜಿಐಎಂ’ ಜರ್ಮನಿಯದು.

ಅದಕ್ಕಿಂತ ಮುಖ್ಯವಾದ ಸಂಗತಿ ಆ ಗದ್ದಲದಲ್ಲಿ ಮರೆಯಾಯಿತು. ಲ್ಯಾನ್ಸೆಟ್ ಲೇಖನಕ್ಕೆ ಐದು ತಿಂಗಳು ಮುಂಚೆಯೇ, 2010ರ ಮಾರ್ಚ್‌ನಲ್ಲಿ, ಭಾರತೀಯ ವೈದ್ಯರ ಸಂಘದ ನಿಯತಕಾಲಿಕದಲ್ಲಿ ಮುಂಬೈನ ಹಿಂದೂಜಾ ಆಸ್ಪತ್ರೆಯ ವೈದ್ಯರು ತಮ್ಮಲ್ಲಿ ದೊರೆತ ಕಾರ್ಬಾಪೆನೆಮ್ ನಿರೋಧಕ 24 ಮಾದರಿಗಳ ಪೈಕಿ 22ರಲ್ಲಿ ಎನ್‌ಡಿಎಂ-1 ಇದೆಯೆಂದು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಅದೇ ಸಂಚಿಕೆಯಲ್ಲಿ ಚೆನ್ನೈನ ಡಾ. ಅಬ್ದುಲ್ ಗಫೂರ್ ಆ್ಯಂಟಿಬಯಾಟಿಕ್‌ಗಳ ಮರಣವಾರ್ತೆ ಎಂಬ ಅರ್ಥದ ಶೀರ್ಷಿಕೆಯಲ್ಲಿ ಸಂಪಾದಕೀಯ ಬರೆದಿದ್ದರು. ಬಳಿಕ ಹಳೆಯ ಮಾದರಿಗಳನ್ನು ತೆಗೆದು ನೋಡಿದಾಗ 2006ರಷ್ಟು ಹಿಂದೆಯೇ ದೇಶದ ಆಸ್ಪತ್ರೆಗಳಲ್ಲಿ ಈ ವಂಶವಾಹಿ ಇದ್ದುದೂ ಗೊತ್ತಾಯಿತು. ಮನೆಯವರೇ ಹೇಳಿದಾಗ ಕೇಳಿಸದ ಮಾತು ಪರದೇಶದವರು ಹೇಳಿದಾಗ ಅವಮಾನವಾಗಿ ಕೇಳಿಸಿತು.

2011ರ ಏಪ್ರಿಲ್‌ನಲ್ಲಿ ವಾಲ್ಶ್ ತಂಡದ ಇನ್ನೊಂದು ಲೇಖನ ಬಂತು. ದೆಹಲಿಯ ಬೀದಿ, ಚರಂಡಿಗಳಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳಲ್ಲಿ ಎರಡರಲ್ಲಿ ಎನ್‌ಡಿಎಂ-1 ವಂಶವಾಹಿ ಇತ್ತು. ಅದಕ್ಕೂ ಪ್ರತಿಭಟನೆಯೇ ಉತ್ತರ. ಅಷ್ಟರಲ್ಲಿ ವಂಶವಾಹಿ ಹಲವು ಖಂಡಗಳನ್ನು ತಲುಪಿಯಾಗಿತ್ತು.

ಅಂಕಿಗಳು ಹೇಳುವುದೇನು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2013ರಲ್ಲಿ ಆರಂಭಿಸಿದ ನಿಗಾ ಜಾಲದ ವರದಿಗಳೇ ಈ ವಿಷಯದಲ್ಲಿ ನಮಗಿರುವ ದೊಡ್ಡ ಆಧಾರ. ಕಾರ್ಬಾಪೆನೆಮ್ ಗುಂಪಿನ ಇಮಿಪೆನೆಮ್‌ಗೆ ಬಗ್ಗದ ಇ.ಕೊಲೈ ಪ್ರಮಾಣ 2016ರಲ್ಲಿ ಶೇ 14ರಷ್ಟಿತ್ತು. 2021ರಲ್ಲಿ ಶೇ 36ಕ್ಕೇರಿತು. ಅದೇ ಔಷಧಕ್ಕೆ ಮಣಿಯುತ್ತಿದ್ದ ಕ್ಲೆಬ್ಸಿಯೆಲ್ಲಾ ಶೇ 65ರಿಂದ ಶೇ 43ಕ್ಕಿಳಿಯಿತು. ತೀವ್ರ ನಿಗಾ ಘಟಕಗಳ ಖಾಯಂ ನಿವಾಸಿಯಾದ ಅಸಿನೆಟೊಬ್ಯಾಕ್ಟರ್‌ನಲ್ಲಂತೂ ಹತ್ತರಲ್ಲಿ ಸುಮಾರು ಒಂಬತ್ತು ಮಾದರಿಗಳಿಗೆ ಕಾರ್ಬಾಪೆನೆಮ್ ಲೆಕ್ಕಕ್ಕೇ ಇಲ್ಲ. ಈ ಜಾಲದಲ್ಲಿರುವವು ಬಹುಪಾಲು ದೊಡ್ಡ ಆಸ್ಪತ್ರೆಗಳು. ಬೇರೆಡೆ ಚಿಕಿತ್ಸೆ ವಿಫಲವಾಗಿ ಬಂದವರೇ ಅಲ್ಲಿ ಹೆಚ್ಚು. ಆದ್ದರಿಂದ ಇಡೀ ದೇಶದ ಸ್ಥಿತಿಯನ್ನು ಈ ಶೇಕಡಾವಾರು ಅಂಕಿಗಳಿಂದಲೇ ಅಳೆಯುವುದು ತಪ್ಪಾದೀತು. ಇಳಿಜಾರಿನ ದಿಕ್ಕಿನ ಬಗ್ಗೆ ಮಾತ್ರ ಅನುಮಾನವಿಲ್ಲ.

ಸಾವಿನ ಅಂದಾಜು ಇನ್ನೊಂದು ಮೂಲದಿಂದ ಬಂದಿದೆ. ಔಷಧ ನಿರೋಧಕ ಬ್ಯಾಕ್ಟೀರಿಯಾಗಳೇ ನೇರ ಕಾರಣವಾದ ಸಾವುಗಳು 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ, ಭಾರತದಲ್ಲಿ ಸುಮಾರು 2.97 ಲಕ್ಷ ಎಂಬುದು ಜಾಗತಿಕ ರೋಗಭಾರ ಅಧ್ಯಯನದ ಲೆಕ್ಕಾಚಾರ. ಇವು ಗಣಿತದ ಮಾದರಿಗಳಿಂದ ಬಂದ ಅಂದಾಜುಗಳೇ ಹೊರತು ಎಣಿಸಿದ ಹೆಣಗಳ ಲೆಕ್ಕವಲ್ಲ. ನಮ್ಮಲ್ಲಿ ಮರಣ ಪ್ರಮಾಣಪತ್ರದಲ್ಲಿ ‘ಹೃದಯ ಸ್ತಂಭನ’ ಎಂದೋ ‘ಬಹು ಅಂಗಾಂಗ ವೈಫಲ್ಯ’ ಎಂದೋ ಬರೆಯಲಾಗುತ್ತದೆ. ಹೃದಯವನ್ನು ನಿಲ್ಲಿಸಿದ ಬ್ಯಾಕ್ಟೀರಿಯಾದ ಹೆಸರು ಬರೆಯುವವರು ವಿರಳ.

ಆಸ್ಪತ್ರೆಗೆ ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುವ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ತಗುಲಿದ್ದೆಂದು ಪರಿಗಣಿಸಲಾಗುತ್ತದೆ. ಅದು ಬರುವ ದಾರಿಗಳು ನಿಗೂಢವೇನಲ್ಲ. ಕತ್ತಿನ ರಕ್ತನಾಳಕ್ಕೆ ಹಾಕಿದ ಕೊಳವೆ, ಮೂತ್ರದ ಕ್ಯಾಥೆಟರ್, ವೆಂಟಿಲೇಟರ್‌ನ ಪೈಪು, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಕೈ. ದೆಹಲಿಯ ಏಮ್ಸ್ ನೇತೃತ್ವದ ಜಾಲವೊಂದು 54 ಆಸ್ಪತ್ರೆಗಳ 200 ತೀವ್ರ ನಿಗಾ ಘಟಕಗಳಲ್ಲಿ 2017ರಿಂದ 2024ರವರೆಗೆ ಕಲೆಹಾಕಿದ ಮಾಹಿತಿಯ ಪ್ರಕಾರ, ಪ್ರಧಾನ ರಕ್ತನಾಳದಲ್ಲಿ ಇಂಥ ಕೊಳವೆ ಇದ್ದ ಪ್ರತಿ 1000 ದಿನಗಳಿಗೆ ಸುಮಾರು ಒಂಬತ್ತು ರಕ್ತಸೋಂಕುಗಳು ವರದಿಯಾಗಿವೆ.

ಕೋವಿಡ್ ಕಾಲ ಇದನ್ನು ಇನ್ನಷ್ಟು ಕಟುವಾಗಿ ತೋರಿಸಿತು. 2020ರ ಜೂನ್‌ನಿಂದ ಆಗಸ್ಟ್‌ವರೆಗೆ ಹತ್ತು ಆಸ್ಪತ್ರೆಗಳಿಗೆ ದಾಖಲಾದ 17,534 ಕೋವಿಡ್ ರೋಗಿಗಳನ್ನು ಐಸಿಎಂಆರ್ ಅಧ್ಯಯನ ಮಾಡಿತು. ಅವರಲ್ಲಿ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಎರಡನೆಯ ಸೋಂಕು ತಗುಲಿದವರು ಕೇವಲ ಶೇ 3.6. ಆದರೆ ಒಟ್ಟು ದಾಖಲಾದವರಲ್ಲಿ ಸತ್ತವರು ಶೇ 10.6 ಆಗಿದ್ದರೆ, ಈ ಗುಂಪಿನಲ್ಲಿ ಶೇ 56.7. ಅತಿ ಹೆಚ್ಚು ಕಾಣಿಸಿಕೊಂಡವು ಮತ್ತದೇ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್. ಅಷ್ಟು ಮಂದಿಯೂ ಸೋಂಕಿನಿಂದಲೇ ಸತ್ತರು ಎನ್ನಲಾಗದು. ಹೆಚ್ಚು ನರಳಿದವರಿಗೇ ವೆಂಟಿಲೇಟರ್, ವೆಂಟಿಲೇಟರ್ ಇದ್ದವರಿಗೇ ಸೋಂಕು. ಆದರೂ ವೈರಾಣುವಿನಿಂದ ಪಾರಾಗಬಹುದಾಗಿದ್ದವರನ್ನು ಆಸ್ಪತ್ರೆಯ ಬ್ಯಾಕ್ಟೀರಿಯಾ ಕಸಿದುಕೊಂಡ ನಿದರ್ಶನಗಳು ಆ ಅಂಕಿಯೊಳಗೆ ಇವೆ ಎಂಬುದನ್ನು ಅಲ್ಲಗಳೆಯಲಾಗದು.

ನವಜಾತ ಶಿಶುಗಳ ವಿಷಯ ಇದಕ್ಕಿಂತ ದಾರುಣ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ 13,530 ಶಿಶುಗಳನ್ನು ಗಮನಿಸಿದ ಅಧ್ಯಯನದಲ್ಲಿ ಅತಿ ಹೆಚ್ಚು ಸಿಕ್ಕಿದ್ದು ಅಸಿನೆಟೊಬ್ಯಾಕ್ಟರ್. ಅದರಲ್ಲಿ ಶೇ 82ರಷ್ಟು ಹಲವು ಔಷಧಗಳಿಗೆ ನಿರೋಧ ಪಡೆದಿದ್ದವು. ನಂಜಿನ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡರಷ್ಟು ಹುಟ್ಟಿದ 72 ಗಂಟೆಗಳೊಳಗೆ ಕಾಣಿಸಿಕೊಂಡವು. ಜೀವನದಲ್ಲಿ ಒಂದು ಮಾತ್ರೆಯನ್ನೂ ನುಂಗದ ಮಗುವಿಗೆ ಯಾವ ಉಪದೇಶ ಹೇಳೋಣ?

ಊಹೆಯ ಚಿಕಿತ್ಸೆ

ಹಾಗೆಂದು ವೈದ್ಯರನ್ನು ಖಳನಾಯಕರನ್ನಾಗಿಸುವುದು ಸುಲಭವೇ ಹೊರತು ಸರಿಯಲ್ಲ. ರಕ್ತದಲ್ಲಿ ನಂಜೇರಿದ ರೋಗಿ ರಾತ್ರಿ ಹನ್ನೊಂದಕ್ಕೆ ಬಂದರೆ, ಬ್ಯಾಕ್ಟೀರಿಯಾವನ್ನು ಬೆಳೆಸಿ ಯಾವ ಔಷಧಕ್ಕೆ ಮಣಿಯುತ್ತದೆಂದು ಹೇಳುವ ಕಲ್ಚರ್ ವರದಿ ಬರುವಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ. ಅಲ್ಲಿಯವರೆಗೆ ಕಾಯುವಂತಿಲ್ಲ. ವೈದ್ಯರು ಅತ್ಯಂತ ಪ್ರಬಲವಾದುದನ್ನೇ ಆರಂಭಿಸುತ್ತಾರೆ. ಸಮಸ್ಯೆ ಇರುವುದು ಮುಂದೆ: ವರದಿ ಬಂದ ಮೇಲೂ ಔಷಧ ಬದಲಾಗುವುದಿಲ್ಲ, ಅಥವಾ ವರದಿಯೇ ಬರುವುದಿಲ್ಲ, ಏಕೆಂದರೆ ಮಾದರಿಯನ್ನೇ ಕಳುಹಿಸಿರುವುದಿಲ್ಲ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2021-22ರಲ್ಲಿ 20 ಉನ್ನತ ಆಸ್ಪತ್ರೆಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಒಳರೋಗಿಗಳ ಪೈಕಿ ಶೇ 71.9ರಷ್ಟು ಮಂದಿಗೆ ಆ್ಯಂಟಿಬಯಾಟಿಕ್ ನೀಡಲಾಗಿತ್ತು. ಅರ್ಧಕ್ಕಿಂತ ಹೆಚ್ಚಿನವು ಸೋಂಕು ಬಾರದಿರಲೆಂದು ಮುಂಜಾಗ್ರತೆಯಾಗಿ ಕೊಟ್ಟವು. ಯಾವ ಬ್ಯಾಕ್ಟೀರಿಯಾ ಎಂದು ಖಚಿತವಾಗಿ ತಿಳಿದ ಮೇಲೆ ಬರೆದವು ಕೇವಲ ಶೇ 6. ಇವೆಲ್ಲ ಪ್ರಯೋಗಾಲಯ ಇರುವ ದೊಡ್ಡ ಆಸ್ಪತ್ರೆಗಳು ಎಂಬುದನ್ನು ನೆನಪಿಡಬೇಕು. ಸೂಕ್ಷ್ಮಜೀವಿ ತಜ್ಞರೇ ಇಲ್ಲದ ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಂಗಳ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬಹುದು. ಈ ಸಮೀಕ್ಷೆ ಹೊರಬಂದ 2024ರ ಜನವರಿಯಲ್ಲಿಯೇ, ಪ್ರತಿ ಚೀಟಿಯಲ್ಲಿ ಆ್ಯಂಟಿಬಯಾಟಿಕ್ ಬರೆದ ಕಾರಣವನ್ನೂ ನಮೂದಿಸಿ ಎಂದು ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯರಿಗೆ ಪತ್ರ ಬರೆದರು. ಅದು ಮನವಿ, ಪಾಲಿಸದಿದ್ದರೆ ಕೇಳುವವರಿಲ್ಲ.

ಔಷಧದಂಗಡಿಯ ಕಡೆಯ ಕಾನೂನೂ ಹೀಗೆಯೇ ನಡೆದಿದೆ. 2012ರ ಚೆನ್ನೈ ಘೋಷಣೆಯಲ್ಲಿ ದೇಶದ ವೈದ್ಯ ಸಂಘಟನೆಗಳು ಒಟ್ಟಾಗಿ ಒತ್ತಡ ತಂದ ಬಳಿಕ 2014ರ ಮಾರ್ಚ್ 1ರಿಂದ ‘ಶೆಡ್ಯೂಲ್ ಎಚ್1’ ಜಾರಿಗೆ ಬಂತು. ಕಾರ್ಬಾಪೆನೆಮ್ ಸೇರಿ 24 ಆ್ಯಂಟಿಬಯಾಟಿಕ್‌ಗಳನ್ನು ಮಾರಿದಾಗ ರೋಗಿ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಪುಸ್ತಕ ನೋಡಲು ಹೋಗುವ ಔಷಧ ನಿರೀಕ್ಷಕರು ಎಷ್ಟು ಮಂದಿ ಎಂಬುದು ಬೇರೆ ಮಾತು. ನೆರೆಯ ಕೇರಳ 2018ರಲ್ಲಿ ತನ್ನದೇ ಕ್ರಿಯಾ ಯೋಜನೆ ರೂಪಿಸಿ, 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಅಂಗಡಿಗಳ ದಿಢೀರ್ ತಪಾಸಣೆಗಿಳಿಯಿತು. ಕಾನೂನು ಅದೇ, ಕೈ ಬೇರೆ.

ಸಂಕೇತ ಸಂಖ್ಯೆಗಳ ಹಿಂದೆ

ಇಷ್ಟೆಲ್ಲ ವರದಿಗಳನ್ನು ಓದಿದವರಿಗೂ ಒಂದು ಸರಳ ಪ್ರಶ್ನೆಗೆ ಉತ್ತರ ಸಿಗದು. ನನ್ನ ತಾಯಿಯನ್ನು ದಾಖಲಿಸಬೇಕೆಂದಿರುವ ಈ ಆಸ್ಪತ್ರೆಯಲ್ಲಿ ಸೋಂಕಿನ ಪ್ರಮಾಣ ಎಷ್ಟು? ಐಸಿಎಂಆರ್ ವರದಿಯಲ್ಲಿ ಕೇಂದ್ರಗಳು ಸಂಕೇತ ಸಂಖ್ಯೆಗಳಾಗಿ ಕಾಣಿಸಿಕೊಳ್ಳುತ್ತವೆ. ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಎಬಿಎಚ್) ಮಾನ್ಯತೆ ಪಡೆದ ಆಸ್ಪತ್ರೆಗಳು ಕ್ಯಾಥೆಟರ್ ಸೋಂಕು, ವೆಂಟಿಲೇಟರ್ ನ್ಯುಮೋನಿಯಾ, ಶಸ್ತ್ರಚಿಕಿತ್ಸೆಯ ಗಾಯದ ಸೋಂಕುಗಳ ಪ್ರಮಾಣವನ್ನು ದಾಖಲಿಸಲೇಬೇಕು. ಎಂದರೆ ಲೆಕ್ಕ ಇದೆ, ಕಡತದಲ್ಲಿದೆ. ರೋಗಿಯ ಕಣ್ಣಿಗೆ ಬೀಳುವ ಗೋಡೆಯ ಮೇಲಿರುವುದು ಮಾನ್ಯತಾ ಪತ್ರದ ಚೌಕಟ್ಟು ಮಾತ್ರ.

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯ ವಿರುದ್ಧ 2017ರ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಬೀದಿಗಿಳಿದುದು ಓದುಗರಿಗೆ ನೆನಪಿರಬಹುದು. ಆಗ ಜಗಳ ನಡೆದುದೆಲ್ಲ ಚಿಕಿತ್ಸಾ ದರ ಮತ್ತು ವೈದ್ಯರಿಗೆ ವಿಧಿಸುವ ಶಿಕ್ಷೆಯ ಸುತ್ತ. ದರಪಟ್ಟಿ ಹಾಕಬೇಕೆಂಬುದು ಕಾಯ್ದೆಯಲ್ಲಿದೆ. ಸೋಂಕುಪಟ್ಟಿಯ ಮಾತನ್ನು ಬೆಳಗಾವಿಯ ಸದನದ ಒಳಗೂ ಹೊರಗೂ ಬೇಡಿಕೆಯಾಗಿ ಮುಂದಿಟ್ಟವರು ಇರಲಿಲ್ಲ ಎಂದೇ ಹೇಳಬೇಕು. ಪತ್ರಿಕೆಗಳೂ ಅದನ್ನು ಕೇಳಲಿಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಬಹಿರಂಗಪಡಿಸುವುದರಿಂದ ಪ್ರಯೋಜನವಿದೆಯೇ? ಇಂಗ್ಲೆಂಡಿನ ಅನುಭವ ಇದೆ ಎನ್ನುತ್ತದೆ. ಎಂಆರ್‌ಎಸ್‌ಎ ಎಂಬ ನಿರೋಧಕ ಬ್ಯಾಕ್ಟೀರಿಯಾದ ರಕ್ತಸೋಂಕನ್ನು ಎಲ್ಲ ಸರ್ಕಾರಿ ಆಸ್ಪತ್ರೆಗಳೂ ಕಡ್ಡಾಯವಾಗಿ ವರದಿ ಮಾಡಬೇಕೆಂಬ ನಿಯಮ 2001ರಲ್ಲಿ ಬಂತು. ಆಸ್ಪತ್ರೆವಾರು ಅಂಕಿಗಳು ಪ್ರಕಟವಾದವು, ಪತ್ರಿಕೆಗಳು ಬೊಬ್ಬೆ ಹೊಡೆದವು. 2004ರಲ್ಲಿ ಸರ್ಕಾರ ನಾಲ್ಕು ವರ್ಷದಲ್ಲಿ ಪ್ರಮಾಣವನ್ನು ಅರ್ಧಕ್ಕಿಳಿಸುವ ಗುರಿ ಹಾಕಿಕೊಂಡಿತು, ಗುರಿ ಸಾಧಿಸಿತು. ಕೈ ತೊಳೆಯುವುದು, ಕೊಳವೆಗಳ ಶುಚಿತ್ವ, ದಾಖಲಾಗುವಾಗಲೇ ರೋಗಿಯ ತಪಾಸಣೆ, ಇವೇ ಅದರ ಸಾಧನಗಳು. ಹೊಸ ಔಷಧವಲ್ಲ.

ಆಸ್ಪತ್ರೆಗಳ ಆತಂಕವನ್ನು ಕಡೆಗಣಿಸುವಂತಿಲ್ಲ. ಹೆಚ್ಚು ಪರೀಕ್ಷೆ ಮಾಡುವವರಲ್ಲೇ ಹೆಚ್ಚು ಸೋಂಕು ಕಾಣುತ್ತದೆ, ಕಣ್ಣು ಮುಚ್ಚಿಕೊಂಡವರು ಶುದ್ಧರೆನಿಸುತ್ತಾರೆ. ಬೇರೆಡೆಯಿಂದ ಸೋಂಕು ಹೊತ್ತು ಬಂದವರನ್ನು ಸೇರಿಸಿಕೊಳ್ಳುವ ಸರ್ಕಾರಿ ಬೋಧನಾ ಆಸ್ಪತ್ರೆ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. 2010ರಲ್ಲಿ ದೇಶ ತೋರಿದ ಅಂಜಿಕೆಯೇ ಇಲ್ಲಿ ಒಂದು ಕಟ್ಟಡದ ಗಾತ್ರದಲ್ಲಿದೆ. ಆದರೆ ಇದಕ್ಕೆ ಮದ್ದಿದೆ: ಕಳುಹಿಸಿದ ಕಲ್ಚರ್‌ಗಳ ಸಂಖ್ಯೆಯನ್ನೂ ಸೋಂಕಿನ ಪ್ರಮಾಣದ ಪಕ್ಕದಲ್ಲಿಯೇ ಪ್ರಕಟಿಸಿದರೆ ಪರೀಕ್ಷೆಯನ್ನೇ ಮಾಡದವರ ಬಣ್ಣ ಬಯಲಾಗುತ್ತದೆ. ಮೊದಲ ಒಂದೆರಡು ವರ್ಷ ದಂಡನೆ ಇಲ್ಲದೆ ಲೆಕ್ಕವನ್ನಷ್ಟೇ ಕೇಳಬಹುದು.

ಹೊಸ ಔಷಧಗಳ ಭರವಸೆ

ಔಷಧಗಳ ರಂಗದಲ್ಲಿ ಕತ್ತಲೆಯೇ ತುಂಬಿದೆ ಎನ್ನಲಾಗದು. ಅಜ್ಟ್ರಿಯೊನಾಮ್ ಎಂಬ ಹಳೆಯ ಔಷಧದ ಉಂಗುರವನ್ನು ಎನ್‌ಡಿಎಂ ಒಡೆಯಲಾರದು. ಆದರೆ ಜೊತೆಯಲ್ಲಿರುವ ಬೇರೆ ಕಿಣ್ವಗಳು ಒಡೆಯುತ್ತವೆ. ಆ ಕಿಣ್ವಗಳನ್ನು ತಡೆಯುವ ಅವಿಬ್ಯಾಕ್ಟಮ್ ಸೇರಿಸಿದ ಜೋಡಿ ಔಷಧಕ್ಕೆ ಅಮೆರಿಕ 2025ರ ಫೆಬ್ರುವರಿಯಲ್ಲಿ ಒಪ್ಪಿಗೆ ನೀಡಿತು. ಭಾರತೀಯ ವೈದ್ಯರು ಎರಡು ಬೇರೆ ಬೇರೆ ಚುಚ್ಚುಮದ್ದುಗಳನ್ನು ಒಟ್ಟಿಗೆ ಕೊಟ್ಟು ಇದೇ ಫಲ ಪಡೆಯುವ ವಿಧಾನವನ್ನು ಅದಕ್ಕೂ ಹಲವು ವರ್ಷ ಮುಂಚೆಯೇ ಅನುಸರಿಸುತ್ತಿದ್ದರು. ಭಾರತದ್ದೇ ಆದ ವೊಕಾರ್ಡ್ ಕಂಪನಿ ಸೆಫೆಪೈಮ್-ಜಿಡೆಬ್ಯಾಕ್ಟಮ್ ಜೋಡಿಯ ಮೂರನೇ ಹಂತದ ಪ್ರಯೋಗದ ಫಲಿತಾಂಶವನ್ನು 2025ರಲ್ಲಿ ಪ್ರಕಟಿಸಿದೆ. ಬೆಂಗಳೂರಿನ ‘ಸಿ-ಕ್ಯಾಂಪ್’ ಆವರಣದಲ್ಲಿ ಬೆಳೆದ ಬಗ್‌ವರ್ಕ್ಸ್ ಕಂಪನಿ ಹೊಸ ಬಗೆಯ ಅಣುಗಳ ಹುಡುಕಾಟದಲ್ಲಿದೆ.

ಆದರೆ ಕೊಲಿಸ್ಟಿನ್‌ನ ಕಥೆಯನ್ನು ಮರೆಯಬಾರದು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂದು 1970ರ ದಶಕದಲ್ಲಿ ಮೂಲೆಗೆ ಸೇರಿದ್ದ ಆ ಔಷಧವನ್ನು ಬೇರೆ ಗತಿಯಿಲ್ಲದೆ ವೈದ್ಯರು ಮತ್ತೆ ಹೊರತೆಗೆದರು. ಅದೇ ಹೊತ್ತಿಗೆ ಕೋಳಿಗಳ ಮೈ ಬೆಳೆಸಲು ಅದನ್ನು ಆಹಾರಕ್ಕೆ ಬೆರೆಸಲಾಗುತ್ತಿತ್ತು. ಕೊಲಿಸ್ಟಿನ್ ನಿರೋಧವನ್ನು ಪ್ಲಾಸ್ಮಿಡ್ ಮೂಲಕ ದಾಟಿಸುವ ವಂಶವಾಹಿ 2015ರಲ್ಲಿ ಚೀನಾದಲ್ಲಿ ಪತ್ತೆಯಾಯಿತು. ಭಾರತ ಸಾಕುಪ್ರಾಣಿಗಳಿಗೆ ಅದರ ಬಳಕೆಯನ್ನು ನಿಷೇಧಿಸಿದ್ದು 2019ರ ಜುಲೈನಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿ ಆ್ಯಂಟಿಬಯಾಟಿಕ್ ಅಂಶಕ್ಕೆ ಮಿತಿ ಹೇರುವ ಕರಡು 2020ರ ಜನವರಿಯಲ್ಲಿ ಬಂದು, 2021ರ ಅಂತಿಮ ಅಧಿಸೂಚನೆಯಲ್ಲಿ ಮಾಯವಾದುದು ಇನ್ನೊಂದು ಅಧ್ಯಾಯ.

ಹೊಸ ಔಷಧಗಳ ಬೆಲೆ ಹೇಗೂ ಸಾಮಾನ್ಯರ ಕೈಗೆಟುಕುವಂತಿರುವುದಿಲ್ಲ. ಕೈ ತೊಳೆಯುವ ದ್ರಾವಣದ ಬಾಟಲಿಯ ಬೆಲೆ ಎಲ್ಲರಿಗೂ ಗೊತ್ತು. ಒಬ್ಬ ದಾದಿ ಒಂದೇ ಪಾಳಿಯಲ್ಲಿ ಹಲವು ವೆಂಟಿಲೇಟರ್ ರೋಗಿಗಳನ್ನು ನೋಡಬೇಕಾದಲ್ಲಿ ಆ ಬಾಟಲಿ ತುಂಬಿಯೇ ಉಳಿಯುತ್ತದೆ ಎಂಬುದು ಆಡಳಿತ ಮಂಡಳಿಗಳಿಗೂ ಗೊತ್ತು. ಎರಡನೆಯ ಕ್ರಿಯಾ ಯೋಜನೆಯ ಅವಧಿ 2029ರವರೆಗಿದೆ. ಆರೋಗ್ಯ ರಾಜ್ಯಗಳ ವ್ಯಾಪ್ತಿಯ ವಿಷಯವಾದ್ದರಿಂದ ಆಸ್ಪತ್ರೆವಾರು ಲೆಕ್ಕ ಕೇಳುವ ಅಧಿಕಾರ ದೆಹಲಿಗಿಂತ ಹೆಚ್ಚಾಗಿ ವಿಧಾನಸೌಧಕ್ಕಿದೆ. ಖಾಸಗಿ ಆಸ್ಪತ್ರೆಗಳ ನೋಂದಣಿ ನವೀಕರಣದ ಅರ್ಜಿಗೆ ಒಂದು ಕಾಲಂ ಸೇರಿಸಿದರೂ ಅದು ಆರಂಭವಾಗುತ್ತದೆ.